ಅವರದಲ್ಲದ ಒಂದು ವಾಕ್ಯ

ಅಕ್ಕೋರು ತೀರಿಕೊಂಡ ಮೇಲೆ ಗೋಕಾಕದಲ್ಲಿ ಒಂದು ಶೋಕಸಭೆ ನಡೆಯಿತು. ವೇದಿಕೆಯ ಮೇಲೆ ಅವರ ಫೋಟೋ ಇಟ್ಟಿದ್ದರು. ಫೋಟೋದಲ್ಲಿ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೂಡಲಗಿಯ ಹೈಸ್ಕೂಲಿನಲ್ಲಿ ನಾನು ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವನು. ಅವರು ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ಕಂಡವನಲ್ಲ. ಫೋಟೋ ತೆಗೆದವನು ಬಹಳ ಬೇಡಿಕೊಂಡಿರಬೇಕು ಎಂದುಕೊಂಡೆ.

ಒಬ್ಬೊಬ್ಬರಾಗಿ ಮಾತಾಡಿದರು. ಸಂಕೇಶ್ವರದಿಂದ ಬಂದಿದ್ದ ಪ್ರಕಾಶಕರೊಬ್ಬರು ಮೈಕಿನ ಮುಂದೆ ನಿಂತಾಗ ಅವರ ದನಿ ನಡುಗುತ್ತಿತ್ತು. ಅದು ನಾಟಕವಲ್ಲ, ಅವರಿಗೆ ಅಕ್ಕೋರ ಮೇಲೆ ನಿಜವಾದ ಅಭಿಮಾನವಿತ್ತು. "ಅಕ್ಕೋರು ತಮ್ಮ ಆತ್ಮಕಥೆ ಹೆಂಗ ಶುರು ಮಾಡಿದ್ರು ಗೊತ್ತೈತೇನ್ರಿ ನಿಮಗ?" ಎಂದು ಕೇಳಿ, ಕಣ್ಣು ಮುಚ್ಚಿ, ಬಾಯಿಪಾಠ ಮಾಡಿದವರಂತೆ ಹೇಳಿದರು: "ನಾನು ಮೊದಲು ಭಾರತೀಯಳು, ಉಳಿದದ್ದೆಲ್ಲ ಆಮೇಲೆ."

ಸಭೆ ಚಪ್ಪಾಳೆ ತಟ್ಟಿತು. ಶೋಕಸಭೆಯಲ್ಲಿ ಚಪ್ಪಾಳೆ ಸಲ್ಲದು ಎಂಬುದು ಯಾರಿಗೂ ನೆನಪಾಗಲಿಲ್ಲ.

ನಾನು ಎದ್ದು ನಿಂತೆ. "ಆ ವಾಕ್ಯ ಅಕ್ಕೋರದಲ್ರಿ," ಎಂದೆ.

ಎಲ್ಲರೂ ತಿರುಗಿ ನೋಡಿದರು. ಅಧ್ಯಕ್ಷರು ಮೇಜಿನ ಮೇಲಿನ ಚೀಟಿ ನೋಡಿದರು, ನನ್ನನ್ನು ನೋಡಿದರು. "ಸರ್, ಇದು ಶೋಕಸಭಾ ಐತಿ. ನಿಮ್ಮ ಪಾಳಿ ಬಂದಾಗ ಮಾತಾಡೀರಂತ. ಕುಂದರ್ರಿ," ಎಂದರು. ನನ್ನ ಪಾಳಿ ಬರಲೇ ಇಲ್ಲ. ಸಭೆ ಮುಗಿಯಿತು, ಎಲ್ಲರೂ ಚಹಾ ಕುಡಿದು ಹೋದರು. ಅಂದಿನಿಂದ ಆ ವಾಕ್ಯ ಊರಲ್ಲಿ ಅವರ ಹೆಸರಿನಲ್ಲೇ ಓಡಾಡುತ್ತಿದೆ. ವಾಟ್ಸಾಪಿನಲ್ಲಿ ಅವರ ಫೋಟೋದ ಕೆಳಗೆ ಅದನ್ನು ಬರೆದು ಯಾರೋ ನನಗೂ ಕಳಿಸಿದರು. ಅದನ್ನು ಅಳಿಸಿದೆ. ಅಳಿಸಿದರೂ ಸಮಾಧಾನವಾಗಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುವುದು ರೂಢಿ. ಶಾಲೆಯಲ್ಲಿ ಅಂಥ ಅಕ್ಕೋರು ಇನ್ನೂ ಇದ್ದರು. ಆದರೆ ಬರೀ ಅಕ್ಕೋರು ಅಂದರೆ ಇವರೊಬ್ಬರೇ. ಕನ್ನಡ ಕಲಿಸುತ್ತಿದ್ದರು. ಹುಟ್ಟಿದ್ದು ಹುಕ್ಕೇರಿಯಲ್ಲಿ, ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸ್ಲಿಂ ಮನೆತನದಲ್ಲಿ. ತಂದೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ದುಡಿದವರು. ಗಂಡ ಗೋಕಾಕ ಫಾಲ್ಸಿನ ಗಿರಣಿಯಲ್ಲಿದ್ದು ಚಿಕ್ಕ ವಯಸ್ಸಿನಲ್ಲೇ ಹೋದರು, ಮಕ್ಕಳಾಗಲಿಲ್ಲ. ಇಷ್ಟನ್ನು ಅವರು ಯಾರು ಕೇಳಿದರೂ ನಿಂತಲ್ಲೇ ಹೇಳಿ ಮುಗಿಸುತ್ತಿದ್ದರು. ಮರುಕಪಡಲು ಸಮಯ ಕೊಡುತ್ತಿರಲಿಲ್ಲ.

ನಿಂತಲ್ಲೇ ಅಂದೆನಲ್ಲ, ಅದು ಬರೀ ಮಾತಿಗಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೂ ಒಂದು ಕುರ್ಚಿ ಇತ್ತು, ಅದರ ಮೇಲೆ ಅವರ ಚೀಲ ಕೂತಿರುತ್ತಿತ್ತು. ಉತ್ತರಪತ್ರಿಕೆ ತಿದ್ದುವುದು ಕಿಟಕಿಯ ಕಟ್ಟೆಯ ಮೇಲೆ, ನಿಂತುಕೊಂಡೇ. ನಡುವೆ ಥಟ್ಟನೆ ವರಾಂಡಕ್ಕೆ ಹೋಗಿ ಎರಡು ಸುತ್ತು ಹಾಕಿ ಬಂದು ಅರ್ಧಕ್ಕೆ ಬಿಟ್ಟ ಸಾಲನ್ನು ತಿದ್ದುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, "ಕುಂದರ್ರಿ ಅಕ್ಕೋರ, ಕಾಲು ನೋಯ್ತಾವು," ಎಂದಿದ್ದೆ.

"ನಾ ಕುಂತ ಕೂಡ್ಲೆ ನನ್ನ ವಿಚಾರನೂ ಕುಂತು ಬಿಡತಾವ್ರಿ ಸರ್," ಎಂದರು.

ನಾನು ಸಮಾಜ ವಿಜ್ಞಾನದವನು. ರಾಷ್ಟ್ರೀಯತೆ, ಸಂವಿಧಾನ, ನೆರೆಯ ದೇಶಗಳು, ಇವೆಲ್ಲ ನನ್ನ ಪಾಠಗಳು. ಆದರೆ ದೇಶ ಎಂಬ ಶಬ್ದದ ಸುತ್ತ ಜಗಳ ಎದ್ದಾಗಲೆಲ್ಲ ಅದು ಅವರ ತರಗತಿಯಿಂದಲೇ ಏಳುತ್ತಿತ್ತು.

ಒಂದು ವರ್ಷ ಸ್ವಾತಂತ್ರ್ಯ ದಿನಕ್ಕೆ ಪ್ರಬಂಧ ಸ್ಪರ್ಧೆ ಇಟ್ಟಿದ್ದೆವು. ವಿಷಯ 'ನನ್ನ ದೇಶ'. ಮಕ್ಕಳು ಗೈಡಿನಲ್ಲಿದ್ದದ್ದನ್ನು ಇಳಿಸಿದ್ದರು. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ಸಾಗರ, ನಡುವೆ ವೈವಿಧ್ಯದಲ್ಲಿ ಏಕತೆ. ಅಕ್ಕೋರು ಆ ಕಟ್ಟು ಹಿಡಿದುಕೊಂಡು ತರಗತಿಗೆ ಹೋಗಿ, "ಹಿಮಾಲಯ ಯಾರ್ ಯಾರು ನೋಡೀರಿ? ಕೈ ಎತ್ರಿ," ಎಂದರಂತೆ. ಯಾರೂ ಎತ್ತಲಿಲ್ಲ. "ಹಂಗಾರ ನೀವು ನೋಡಿದ್ದರಿಂದ ಶುರು ಮಾಡ್ರಿ. ಹಿಮಾಲಯ ಎಲ್ಲೂ ಹೋಗೂದಿಲ್ಲ, ಆಮ್ಯಾಲೆ ಬರೀರಂತ." ಹೀಗೆ ಮತ್ತೆ ಬರೆಸಿದರು.

ಕುರಿಗಾರರ ಮನೆಯ ಒಂದು ಹುಡುಗಿ ಬರೆದದ್ದು ನನಗೆ ಇನ್ನೂ ನೆನಪಿದೆ. ಮಳೆಗಾಲ ಮುಗಿದ ಮೇಲೆ ತಾನು, ತನ್ನವ್ವ, ಅಪ್ಪ ಕುರಿ ಹೊಡೆದುಕೊಂಡು ಹೊರಡುತ್ತೇವೆ. ಸಂಕೇಶ್ವರ ದಾಟಿ ಮುಂದೆ ಹೋದರೆ ಜನ ಮರಾಠಿ ಮಾತಾಡುತ್ತಾರೆ. ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಾರೆ, ಕಾಳು ಕೊಡುತ್ತಾರೆ. ನಮ್ಮ ನಾಯಿಗೆ ಮಾತ್ರ ಎಲ್ಲ ಕಡೆಯೂ ಒಂದೇ ಭಾಷೆ. ಎಷ್ಟು ನಡೆದರೂ ದೇಶ ಮುಗಿಯುವುದಿಲ್ಲ, ಕಾಲು ನೋಯುತ್ತವೆ. ಇಷ್ಟೇ ಪ್ರಬಂಧ.

ಅಕ್ಕೋರು ಅದಕ್ಕೆ ಮೊದಲ ಬಹುಮಾನ ಎಂದರು. ಹೆಡ್ ಮಾಸ್ತರರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಾಗ ಭಾರತ ಅನ್ನೂ ಶಬ್ದನ ಇಲ್ಲಲ್ರಿ ಅಕ್ಕೋರ."

"ನಡದು ನಡದು ಕಾಲು ನೋಯೂವಷ್ಟು ದೊಡ್ಡದೈತಿ ಅಂತ ಬರದಾಳ್ರಿ. ಇನ್ನೇನ್ ಬೇಕ್ರಿ?"

"ಅದು ಖರೆ. ಆದ್ರ ಪ್ರಬಂಧ ಅಂದ್ರ ಒಂದು ರೀತಿ ಇರತೈತಲ್ರಿ."

ಕಡೆಗೆ ಆ ಹುಡುಗಿಗೆ ಎರಡನೆಯ ಬಹುಮಾನ ಬಂತು, ಹಿಮಾಲಯದಿಂದ ಶುರುಮಾಡಿದವನಿಗೆ ಮೊದಲನೆಯದು. ಅಕ್ಕೋರು ಹೆಡ್ ಮಾಸ್ತರರ ಜೊತೆ ಜಗಳ ಮುಂದುವರಿಸಲಿಲ್ಲ. ಮರುದಿನ ಆ ಹುಡುಗಿಯ ಕೈ ಹಿಡಿದು ಒಂದೊಂದೇ ತರಗತಿಗೆ ಕರೆದುಕೊಂಡು ಹೋಗಿ ಪ್ರಬಂಧ ಓದಿಸಿದರು. ನನ್ನ ತರಗತಿಗೂ ಬಂದರು. ನಾನು ನಕ್ಷೆ ತೂಗುಹಾಕಿ ದೇಶದ ಗಡಿಗಳನ್ನು ತೋರಿಸುತ್ತಿದ್ದೆ. ಹುಡುಗಿ ನಕ್ಷೆಯ ಪಕ್ಕದಲ್ಲಿ ನಿಂತು ಓದಿತು. ಓದಿ ಮುಗಿಸಿದ ಮೇಲೆ ನಕ್ಷೆಯ ಕಡೆ ನೋಡಿ, "ಇದರಾಗ ನಮ್ಮ ದಾರಿ ಎಲ್ಲೈತ್ರಿ ಸರ್?" ಎಂದು ಕೇಳಿತು. ನಾನು ಹುಡುಕಿ ಹುಡುಕಿ ಸಂಕೇಶ್ವರ ಇರಬಹುದಾದ ಜಾಗದಲ್ಲಿ ಸುಮ್ಮನೆ ಬೆರಳಿಟ್ಟೆ.

ಅವರ ಕನ್ನಡವನ್ನು ಹೊಗಳುವವರಿಗೆ ಕೊರತೆ ಇರಲಿಲ್ಲ. ಹೊಗಳಿಕೆಯಲ್ಲಿ ಹೆಚ್ಚಾಗಿ ಒಂದು 'ಆದರೂ' ಇರುತ್ತಿತ್ತು. ಒಮ್ಮೆ ಶಾಲೆಗೆ ಬಂದ ಇನ್‌ಸ್ಪೆಕ್ಟರು ಇವರ ಪಾಠ ಕೇಳಿ, ಎಲ್ಲರ ಮುಂದೆ, "ಮುಸ್ಲಿಮರಾದ್ರೂ ಎಷ್ಟು ಶುದ್ಧ ಕನ್ನಡ ನೋಡ್ರಿ," ಎಂದರು. ಅವರ ಮಾತಿನಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಕ್ಕೋರು ಅಷ್ಟೇ ಪ್ರೀತಿಯಿಂದ, "ನೀವೂ ಏನ್ ಕಡಿಮಿ ಇಲ್ಲ ಬಿಡ್ರಿ ಸಾಹೇಬ್ರ. ಇನ್‌ಸ್ಪೆಕ್ಟರಾದ್ರೂ ಎಷ್ಟು ಚಲೋ ಮಾತಾಡತೀರಿ," ಎಂದರು. ಇನ್‌ಸ್ಪೆಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಧ್ವಜ ಏರಿಸುವ ದಿನ ಮಾತ್ರ ಅಕ್ಕೋರು ಬೇರೆಯೇ ಆಗುತ್ತಿದ್ದರು. ನಾವೆಲ್ಲ ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಅವರು ಬಂದು ಕಂಬದ ಸುತ್ತ ರಂಗೋಲಿ ಹಾಕಿಸಿ, ಧ್ವಜದ ಮಡಿಕೆಯಲ್ಲಿ ಹೂವಿನ ಎಸಳು ತುಂಬಿಸಿ ಆಗಿರುತ್ತಿತ್ತು. ಹಸಿರು ಅಂಚಿನ ಬಿಳಿ ಸೀರೆ, ಕೇಸರಿ ಕುಪ್ಪಸ. ರಾಷ್ಟ್ರಗೀತೆಯಲ್ಲಿ ಅವರ ದನಿ ಎಲ್ಲರಿಗಿಂತ ಮೇಲೆ. ಆ ಒಂದು ಹೊತ್ತು ಮಾತ್ರ ಅವರು ಅಲುಗಾಡದೆ ನಿಂತಿರುತ್ತಿದ್ದರು. ನನಗೆ ಅದನ್ನು ನೋಡುವುದು ಇಷ್ಟವಾಗಿತ್ತು. ಅದರ ಬಗ್ಗೆ ಎಂದೂ ಹೆಚ್ಚಿಗೆ ಯೋಚಿಸಿರಲಿಲ್ಲ.

ನಿವೃತ್ತರಾದ ಮೇಲೆ ಗೋಕಾಕದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಮನೆ ಮಾಡಿದರು. ಒಂದು ದಿನ ಬಂದು, "ಸರ್, ಜೀವನದ ಕತಿ ಬರ್ಯಾಕತ್ತೇನಿ," ಎಂದರು. ಹೇಳುವ ರೀತಿ ಹೇಗಿತ್ತೆಂದರೆ, ಮನೆಗೆ ಸುಣ್ಣ ಹೊಡೆಸಲು ಶುರುಮಾಡಿದವರು ಹೇಳಿದಂತೆ. ಆಮೇಲೆ ನಮ್ಮ ಮನೆಯ ಪಡಸಾಲೆಯೇ ಅವರ ಓದುವ ಜಾಗವಾಯಿತು. ಬಾಗಿಲಿನಿಂದ ಗೋಡೆಯವರೆಗೆ ನಡೆಯುತ್ತ ಓದುವುದು, ಗೋಡೆ ಮುಟ್ಟಿದ ಕೂಡಲೇ ತಿರುಗುವುದು. ನನ್ನ ಹೆಂಡತಿ ದಾರಿಗೆ ಅಡ್ಡವಿದ್ದ ಟೀಪಾಯಿಯನ್ನು ಕಾಯಂ ಆಗಿ ಒಳಗೆ ಸರಿಸಿಬಿಟ್ಟಳು.

ಬರವಣಿಗೆ ಚೆನ್ನಾಗಿತ್ತು. ತಂದೆ ಹತ್ತಿ ಹಿಂಜುವಾಗಿನ ಬಿಲ್ಲಿನ ನಾದ, ಮೈಮೇಲೆಲ್ಲ ಅರಳೆ ಹಾರಿ ಅವರು ಮುದುಕರಾದಂತೆ ಕಾಣುತ್ತಿದ್ದದ್ದು, ಊರಿನ ಎಷ್ಟೋ ಮನೆಗಳ ಮದುಮಕ್ಕಳು ಅವರು ಹೊಲಿದ ಗಾದಿಯ ಮೇಲೆ ಮಲಗಿದ್ದು. ಓದುತ್ತ ಓದುತ್ತ ನಗುತ್ತಿದ್ದರು, ನಡುವೆ ಒಂದು ಶಬ್ದ ಸರಿಬೀಳದೆ ಸಿಟ್ಟಾಗಿ ಅರ್ಧಕ್ಕೇ ಮನೆಗೆ ಹೊರಟುಬಿಡುತ್ತಿದ್ದರು.

ಸಂಕೇಶ್ವರದ ಪ್ರಕಾಶಕರಿಗೆ ಈ ಸುದ್ದಿ ಮುಟ್ಟಿತು. ಬ್ಯಾಂಕಿನಿಂದ ನಿವೃತ್ತರಾಗಿ ಆಸಕ್ತಿಯಿಂದ ಪುಸ್ತಕ ಹಾಕುತ್ತಿದ್ದವರು. ದೇಶ ಕಟ್ಟಿದ ಸಾಮಾನ್ಯರು ಎಂದು ಒಂದು ಮಾಲೆ ತರುವ ಯೋಚನೆ ಅವರದು. ಅಕ್ಕೋರ ಮನೆಗೆ ಬಂದರು, ನಾನೂ ಇದ್ದೆ. ಬರೆದಷ್ಟನ್ನು ಓದಿ ಬಹಳ ಮೆಚ್ಚಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಅಕ್ಕೋರ, ಸ್ವಾತಂತ್ರ್ಯ ಬಂದ ವರ್ಷ ನಿಮ್ಮ ಮನೆತನದವ್ರು ಇಲ್ಲೇ ಉಳೀಬೇಕು ಅಂತ ನಿರ್ಧಾರ ಮಾಡಿದ್ರಲ್ಲ, ಅದರ ಮ್ಯಾಲೆ ಒಂದು ಅಧ್ಯಾಯ ಬೇಕ್ರಿ. ಓದಿದವ್ರ ಕಣ್ಣಾಗ ನೀರು ಬರಬೇಕು."

"ನಿರ್ಧಾರ ಮಾಡಿದ್ರು ಅಂತ ನಿಮಗ ಯಾರು ಹೇಳಿದ್ರು?"

"ಉಳದೀರಲ್ರಿ. ಉಳದೀರಿ ಅಂದ ಮ್ಯಾಲೆ ಮಾಡಿರಬೇಕಲ್ಲ?"

ಅಕ್ಕೋರು ಕಿಟಕಿಯ ಹತ್ತಿರ ಹೋದರು, ಬಂದರು. ಪ್ರಕಾಶಕರು ದನಿ ತಗ್ಗಿಸಿದರು. "ತಪ್ಪು ತಿಳೀಬ್ಯಾಡ್ರಿ. ಈಗಿನ ದಿನಮಾನ ಹೆಂಗದಾವು ನಿಮಗ ಗೊತ್ತೈತಿ. ಅಂಥಾದೊಂದು ಅಧ್ಯಾಯ ಮುಂದ ಇದ್ರ ನಿಮ್ಮ ಕಡಿ ಯಾರೂ ಬೆರಳು ತೋರಸೂದಿಲ್ಲ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

"ಚಹಾ ತಗೊರಿ, ಆರತೈತಿ," ಎಂದರು ಅಕ್ಕೋರು.

ಅವರು ಆ ಮಾತನ್ನು ತಳ್ಳಿಹಾಕಲಿಲ್ಲ ಎಂಬುದು ನನಗೆ ಆಶ್ಚರ್ಯ. ಮುಂದಿನ ವಾರಗಳಲ್ಲಿ ಆ ಅಧ್ಯಾಯ ಬರೆಯಲು ಕೂತು, ಎದ್ದು, ಹರಿದು, ಮತ್ತೆ ಕೂತರು. ರಸ್ತೆಯಲ್ಲಿ ಸಿಕ್ಕಾಗಲೂ ಅದೇ ಮಾತು. "ನಮ್ಮಪ್ಪ ಏನೋ ವಿಚಾರ ಮಾಡಿರಬೇಕಲ್ರಿ ಸರ್? ಅಷ್ಟು ದೊಡ್ಡ ವರ್ಷ. ನನ್ನ ಮುಂದ ಯಾಕ ಹೇಳಲಿಲ್ಲ?" ತಂದೆ ಹೋಗಿ ಬಹಳ ಕಾಲವಾಗಿತ್ತು. ಆ ವರ್ಷವನ್ನು ಕಂಡವರು ಅಂದರೆ ಹುಕ್ಕೇರಿಯಲ್ಲಿ ತಂದೆಯ ತಂಗಿ ಒಬ್ಬರೇ. ಫುಪ್ಪು ಎಂದು ಕರೆಯುತ್ತಿದ್ದರು. "ನೀವೂ ಬರ್ರಿ, ನೀವು ಇತಿಹಾಸದವ್ರು," ಎಂದು ನನ್ನನ್ನೂ ಕರೆದುಕೊಂಡು ಹೋದರು.

ಫುಪ್ಪು ಅಂಗಳದಲ್ಲಿ ಹೊರಸಿನ ಮೇಲೆ ಬಿಸಿಲು ಕಾಯುತ್ತ ಕೂತಿದ್ದರು. ಬಹಳ ಹಣ್ಣಾದ ಜೀವ. ಕಿವಿ ಚುರುಕಾಗಿತ್ತು. ಅಕ್ಕೋರು ಅವರ ಕಾಲ ಹತ್ತಿರ ನೆಲದ ಮೇಲೆ ಕೂತರು. ಕೂತೇ ಕೇಳಿದರು.

"ಫುಪ್ಪು, ಸ್ವಾತಂತ್ರ್ಯ ಬಂದ ವರ್ಷ ನಿಮಗ ನೆನಪೈತಿ?"

"ಯಾಕಿಲ್ಲ? ಆ ವರ್ಷ ನನ್ನ ನಿಕಾ ಆತು. ಸಕ್ರಿ ಎಲ್ಲೂ ಸಿಗವಲ್ದಾಗಿತ್ತು. ಬೆಲ್ಲದ ಶೀರಾ ಮಾಡಿದ್ರು, ಬೀಗರು ಮುಖ ಸಿಂಡರಸಿದ್ರು."

"ಅದಲ್ಲ. ಊರು ಬಿಟ್ಟು ಹೋಗೂ ಮಾತು ಮನ್ಯಾಗ ಬಂದಿತ್ತೇನು?"

ಮುದುಕಿ ಸ್ವಲ್ಪ ಯೋಚಿಸಿದರು. "ಬಂದಿತ್ತಲ್ಲ," ಎಂದರು.

ಅಕ್ಕೋರು ನನ್ನ ಕಡೆ ನೋಡಿದರು. ನನಗೂ ಮೈ ನೆಟ್ಟಗಾಯಿತು.

"ನಿಮ್ಮಪ್ಪ ಭಾಳ ಹಟ ಹಿಡಿದಿದ್ದ. ಇಲ್ಲಿ ಹೊಟ್ಟಿ ತುಂಬೂದಿಲ್ಲ, ಹೋಗೂಣು ಅಂತಿದ್ದ. ನಮ್ಮವ್ವ ಬಿಡಲಿಲ್ಲ. ಅಷ್ಟು ದೂರ ಯಾಕ, ಅಲ್ಲಿ ನಮ್ಮವ್ರು ಯಾರದಾರ ಅಂತ ಅತ್ಲು."

"ಎಲ್ಲಿಗೆ ಫುಪ್ಪು? ಎಲ್ಲಿಗೆ ಹೋಗಬೇಕಂತ ಮಾಡಿದ್ದ?"

"ಕೊಣ್ಣೂರಿಗೆ," ಎಂದರು ಫುಪ್ಪು. "ಅಲ್ಲಿ ಹತ್ತಿ ಹಿಂಜವ್ರು ಯಾರೂ ಇದ್ದಿದ್ದಿಲ್ಲಂತ."

ಅಕ್ಕೋರು ನಗಲು ಶುರುಮಾಡಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ಕೊಣ್ಣೂರು ನಾನು ಹುಟ್ಟಿದ ಊರು. ಹುಕ್ಕೇರಿಯಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಫುಪ್ಪುವಿಗೆ ನಾವೇಕೆ ನಗುತ್ತಿದ್ದೇವೆ ಎಂಬುದು ತಿಳಿಯದೆ, "ಆಗ ಮೋಟಾರು ಎಲ್ಲಿದ್ವು?" ಎಂದು ಗದರಿದರು.

ಆ ಅಧ್ಯಾಯವನ್ನು ಅಕ್ಕೋರು ಹಾಗೆಯೇ ಬರೆದರು. ಬೆಲ್ಲದ ಶೀರಾ, ಬೀಗರ ಮುಖ, ಕೊಣ್ಣೂರಿಗೆ ಹೋಗಬೇಕೆಂಬ ಅಪ್ಪನ ಹಟ, ಅಜ್ಜಿಯ ಅಳು. ನಮ್ಮ ಮನೆಯಲ್ಲಿ ಓದಿದಾಗ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನಿಂತು ಕೇಳಿದಳು.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಆ ಪ್ರಕಾಶಕರು ಕೇಳಿದ ಪ್ರಶ್ನೆ ಅವರೊಳಗೆ ಬೇರೆ ಏನನ್ನೋ ಕೆದಕಿತ್ತು. ಒಂದು ದಿನ ಬೆಳಿಗ್ಗೆ ಬಂದವರು ಓದಲಿಲ್ಲ, ಹಾಳೆಯನ್ನು ನನ್ನ ಕೈಗೆ ಕೊಟ್ಟು, "ನೀವೇ ಓದ್ರಿ," ಎಂದರು. ಅದರಲ್ಲಿ ಇದ್ದದ್ದು ಹೀಗೆ: "ಧ್ವಜ ಮೇಲೇರುವಾಗ ನನ್ನ ಎದೆ ತುಂಬಿ ಬರುತ್ತಿತ್ತು. ಅದೇ ಹೊತ್ತಿಗೆ ನನ್ನ ಕಣ್ಣು, ಯಾರು ನನ್ನನ್ನು ನೋಡುತ್ತಿದ್ದಾರೆ ಎಂದು ನೋಡುತ್ತಿತ್ತು. ಎರಡೂ ನಿಜ. ಯಾವುದು ಮೊದಲು ಎಂದು ನನಗೆ ಈಗಲೂ ತಿಳಿದಿಲ್ಲ."

ಅಕ್ಕೋರು ನಡೆದಾಡುತ್ತಲೇ ಮಾತಾಡಿದರು. "ಸೀರಿ, ಕುಪ್ಪಸ, ಹೂವಿನ ಎಸಳು. ಎಲ್ಲಾ ಪ್ರೀತಿಲೇ ಮಾಡಿದ್ನೋ, ಅಂಜಿಕಿಲೇ ಮಾಡಿದ್ನೋ? ಇಷ್ಟು ವರ್ಷ ಅದನ್ನ ಬ್ಯಾರೆ ಮಾಡಿ ನೋಡಿರಲಿಲ್ರಿ ಸರ್. ಬರ್ಯಾಕ ಕುಂತ ಮ್ಯಾಲೆ ಸಿಕ್ಕತು. ಹಾಡೂವಾಗ ನನ್ನ ದನಿ ಮ್ಯಾಲಿರತಿತ್ತಲ್ಲ, ಅದು ಖರೆ ದನಿ. ಆದ್ರ ಕೇಳಲಿ ಅಂತನೂ ಇತ್ತು."

"ಇದನ್ನ ಬರೀಲೇಬೇಕೇನ್ರಿ ಅಕ್ಕೋರ?" ಎಂದೆ.

"ಬರೀದಿದ್ರ ಪುಸ್ತಕ ಯಾತಕ್ಕ?"

ಪ್ರಕಾಶಕರು ಇದನ್ನೂ ಓದಿದರು. ಬೇಡ ಎನ್ನಲಿಲ್ಲ. ಕೊಣ್ಣೂರಿನ ಅಧ್ಯಾಯವನ್ನೂ ಇಟ್ಟುಕೊಂಡರು. ಪುಸ್ತಕ ಗೋಕಾಕದ ಒಂದು ಮುದ್ರಣಾಲಯಕ್ಕೆ ಹೋಯಿತು, ಪ್ರೂಫ್ ಬಂತು. ನೋಡಲು ಅಕ್ಕೋರು ನನ್ನನ್ನೂ ಅಲ್ಲಿಗೆ ಕರೆದರು. ಮೊದಲ ಪುಟ ತೆರೆದವರು ಅಲ್ಲೇ ನಿಂತುಬಿಟ್ಟರು. ಅಪ್ಪನ ಬಿಲ್ಲಿನ ನಾದದಿಂದ ಶುರುವಾಗಬೇಕಿದ್ದ ಪುಟದ ತಲೆಯ ಮೇಲೆ ಒಂದು ಹೊಸ ಸಾಲು ಕೂತಿತ್ತು. ನಾನು ಮೊದಲು ಭಾರತೀಯಳು, ಉಳಿದದ್ದೆಲ್ಲ ಆಮೇಲೆ. ಧ್ವಜದ ಅಧ್ಯಾಯದಲ್ಲಿ ಎದೆ ತುಂಬಿ ಬಂದದ್ದು ಹಾಗೇ ಇತ್ತು, ಕಣ್ಣು ಸುತ್ತ ನೋಡಿದ್ದು ಇರಲಿಲ್ಲ.

ಪ್ರಕಾಶಕರು ಅಲ್ಲೇ ಕೂತಿದ್ದರು. ಮುಚ್ಚಿಡಲು ಹೋಗಲಿಲ್ಲ. "ನಾನೇ ಸೇರಿಸೇನ್ರಿ. ನಿಮ್ಮನ್ನ ಕೇಳಬೇಕಾಗಿತ್ತು, ಕೇಳಿದ್ರ ನೀವು ಒಪ್ಪತಿರಲಿಲ್ಲ," ಎಂದರು.

"ಇದು ನನ್ನ ವಾಕ್ಯ ಅಲ್ರಿ."

"ಅದರಾಗ ಸುಳ್ಳೇನೈತಿ ಹೇಳ್ರಿ. ನೀವು ಭಾರತೀಯರು ಅಲ್ಲೇನು?"

"ಸುಳ್ಳಂತ ಯಾರಂದ್ರು? ನನ್ನ ವಾಕ್ಯ ಅಲ್ಲ ಅಂದೆ. ನೀವು ನಿಮ್ಮ ಕತಿ ಬರದ್ರ ಮೊದಲನೇ ಸಾಲಿನ್ಯಾಗ ಇದನ್ನ ಬರೀತೀರೇನು?"

ಪ್ರಕಾಶಕರು ಪ್ರೂಫಿನ ಹಾಳೆ ನೋಡಿದರು. ಮುದ್ರಣಾಲಯದ ಯಂತ್ರ ಒಳಗೆ ಬೇರೆ ಯಾರದೋ ಲಗ್ನಪತ್ರಿಕೆ ಹಾಕುತ್ತಿತ್ತು. "ನಾನ್ಯಾಕ ಬರೀಲಿ ಅಕ್ಕೋರ?" ಎಂದರು ಕಡೆಗೆ, ನಿಜವಾಗಿಯೂ ಗೊತ್ತಾಗದವರಂತೆ. ಹಾಗೆಂದ ಮೇಲೆ ಅವರ ಮುಖ ಬದಲಾಯಿತು. ತಾವು ಏನು ಹೇಳಿದೆವು ಎಂದು ಅವರಿಗೆ ಕೇಳಿಸಿತು ಅನ್ನಿಸುತ್ತದೆ. "ನಿಮಗೇನಾರ ಆದ್ರ ಅಂತ ಅಂಜಿಕಿರಿ ನನಗ. ಮತ್ತೇನಿಲ್ಲ," ಎಂದರು.

"ಗೊತ್ತೈತ್ರಿ," ಎಂದರು ಅಕ್ಕೋರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಅಂಜಿಕಿನ ನನಗ ಸಾಕಾಗೇತಿ. ನಿಮ್ಮದು ಬ್ಯಾಡ್ರಿ." ಪ್ರೂಫಿನ ಕಟ್ಟನ್ನು ಅಲ್ಲೇ ಬಿಟ್ಟು, ಕೈಬರಹದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಪ್ರಕಾಶಕರು ಬಾಗಿಲವರೆಗೆ ಬಂದು ನಿಂತರು. ಆ ಪುಸ್ತಕ ಆ ಮಾಲೆಯಲ್ಲಿ ಬರಲಿಲ್ಲ.

ಆಮೇಲೆ ಮೂಡಲಗಿಯ ನಮ್ಮ ಶಾಲೆಯವರು ಗಣರಾಜ್ಯೋತ್ಸವಕ್ಕೆ ಅಕ್ಕೋರನ್ನು ಅತಿಥಿಯಾಗಿ ಕರೆದರು. ನಾನೂ ಹೋದೆ. ಅವರು ಅದೇ ಹಸಿರು ಅಂಚಿನ ಸೀರೆ ಉಟ್ಟಿದ್ದರು. ಧ್ವಜ ಏರಿತು, ಹಾಡು ಮುಗಿಯಿತು. ಭಾಷಣಕ್ಕೆ ಕರೆದಾಗ ಅವರು ಚೀಲದಿಂದ ಹಾಳೆ ತೆಗೆದು ಧ್ವಜದ ಅಧ್ಯಾಯ ಓದಿದರು. ಪೂರ್ತಿ, ಕಣ್ಣಿನದೂ ಸೇರಿಸಿ.

ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬ ತರುಣ, "ಇಂಥಾ ದಿವಸ ಇದನ್ನೆಲ್ಲ ಓದಬೇಕಾಗಿತ್ತೇನ್ರಿ?" ಎಂದ.

"ಇಂಥಾ ದಿವಸ ಆದದ್ದನ್ನ ಇಂಥಾ ದಿವಸನ ಓದಬೇಕಲ್ಲಪಾ," ಎಂದರು ಅಕ್ಕೋರು.

ಆಗ ಕುರ್ಚಿಗಳ ಸಾಲಿನಲ್ಲಿ ಕೂತಿದ್ದ ಊರಿನ ಒಬ್ಬ ಮಾಜಿ ಸೈನಿಕರು ಎದ್ದರು. ಕೋಟಿನ ಮೇಲೆ ಪದಕ ಹಾಕಿಕೊಂಡು ಬಂದಿದ್ದರು. "ಅಕ್ಕೋರ, ಅದರಾಗೇನೈತ್ರಿ? ಪರೇಡಿನ್ಯಾಗ ನಾನೂ, ಸಾಹೇಬ ನೋಡಾಕತ್ತಾನೋ ಇಲ್ಲೋ ಅಂತ ನೋಡತಿದ್ದೆ. ಎಲ್ಲಾರಿಗೂ ಇರತೈತಿ," ಎಂದರು. ಜನ ನಕ್ಕರು. ನಮಗೆಲ್ಲ ಹಗುರವಾಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನೂ ನಕ್ಕೆ.

ಅಕ್ಕೋರು ನಗಲಿಲ್ಲ. "ನಿಮ್ಮ ಸಾಹೇಬ್ರು ನಿಮ್ಮ ಬೂಟಿಗೆ ಪಾಲಿಶ್ ಐತೋ ಇಲ್ಲೋ ನೋಡತಿದ್ರು. ನನ್ನ ನೋಡೂವ್ರು ನಾ ಯಾರಂತ ನೋಡತಾರ್ರಿ. ಎರಡೂ ಒಂದ ಅಲ್ಲ," ಎಂದರು.

ಸೈನಿಕರು ನಿಂತೇ ಇದ್ದರು. "ಹೌದ್ರಿ. ಅದೂ ಖರೆ," ಎಂದು ಟೋಪಿ ಸರಿಮಾಡಿಕೊಂಡು ಕೂತರು. ಕಾರ್ಯಕ್ರಮ ಮುಂದುವರಿಯಿತು. ಮಕ್ಕಳಿಗೆ ಪೇಡಾ ಹಂಚಿದರು. ಅಕ್ಕೋರನ್ನು ಆ ಶಾಲೆಗೆ ಮತ್ತೆ ಯಾರೂ ಕರೆಯಲಿಲ್ಲ. ಆದರೆ ಆ ಸೈನಿಕರು ಗೋಕಾಕಕ್ಕೆ ಸಂತೆಗೆ ಬಂದಾಗಲೆಲ್ಲ ಅಕ್ಕೋರ ಮನೆಗೆ ಹೋಗಿ ಕೂತು ಬರುತ್ತಿದ್ದರು. ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ.

ಕಡೆಗಾಲದಲ್ಲಿ ಅಕ್ಕೋರು ಹುಕ್ಕೇರಿಗೆ, ತಮ್ಮನ ಮನೆಗೆ ಹೋದರು. ಮೈಯಲ್ಲಿ ಶಕ್ತಿ ಇರಲಿಲ್ಲ, ಹಾಸಿಗೆ ಹಿಡಿದಿದ್ದರು. ಅವರು ಮಲಗಿದ್ದನ್ನು ನೋಡಲು ನನಗೆ ಬಹಳ ಕಷ್ಟವಾಯಿತು. ಆಗಲೂ ಬೆರಳುಗಳು ಹೊದಿಕೆಯ ಮೇಲೆ ಓಡಾಡುತ್ತಲೇ ಇದ್ದವು. ತಮ್ಮನ ಮಗಳು ಹಾಳೆಗಳನ್ನು ಕಂಪ್ಯೂಟರಿನಲ್ಲಿ ಹಾಕುತ್ತಿದ್ದಳು. ಶೋಕಸಭೆಗೆ ಅವಳೂ ಬಂದಿದ್ದಳು, ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹೊರಗೆ ಬಂದು ನನಗೆ, "ಪುಸ್ತಕ ಬರಲಿ ಬಿಡ್ರಿ ಸರ್, ಆಗ ತಾನ ಗೊತ್ತಾಕ್ಕೈತಿ," ಎಂದಳು. ಈಗ ಪುಸ್ತಕ ಬಂದಿದೆ. ತೆಳ್ಳಗಿದೆ. ಮುನ್ನುಡಿ ಇಲ್ಲ. ಅಪ್ಪನ ಬಿಲ್ಲಿನ ನಾದದಿಂದಲೇ ಶುರುವಾಗುತ್ತದೆ. ಒಂದು ಪ್ರತಿಯನ್ನು ನಾನೇ ಸಂಕೇಶ್ವರದ ಪ್ರಕಾಶಕರಿಗೆ ಕೊಟ್ಟು ಬಂದೆ. ಅವರು ಮೊದಲ ಪುಟ ತೆರೆದು ನೋಡಿ ಕಪಾಟಿನಲ್ಲಿ ಇಟ್ಟುಕೊಂಡರು. ವಾಟ್ಸಾಪಿನಲ್ಲಿ ಮಾತ್ರ ಆ ಇನ್ನೊಂದು ಸಾಲು ಇನ್ನೂ ಬರುತ್ತಲೇ ಇದೆ.

ಗಣರಾಜ್ಯೋತ್ಸವದ ಆ ದಿನ ಮೂಡಲಗಿಯಿಂದ ನಾವಿಬ್ಬರೂ ಬಸ್ಸಿನಲ್ಲಿ ಮರಳುತ್ತಿದ್ದೆವು. ಅದನ್ನೂ ಹೇಳಬೇಕು. ಸೀಟು ಖಾಲಿ ಇದ್ದರೂ ಅಕ್ಕೋರು ಕಂಬ ಹಿಡಿದು ನಿಂತಿದ್ದರು. ಎರಡೂ ಕಡೆ ಕಬ್ಬು. ಅಂಗಳದಲ್ಲಿ ನಡೆದದ್ದರ ಬಗ್ಗೆ ನಾನು ಏನಾದರೂ ಸಮಾಧಾನ ಹೇಳಬೇಕು ಎಂದು ಶಬ್ದ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

"ನೀವು ನಿಮ್ಮ ಕತಿ ಬರದ್ರ ಹೆಂಗ ಶುರು ಮಾಡತೀರಿ ಸರ್?"

ಯೋಚಿಸಿ ಹೇಳಿದೆ. ಅಪ್ಪನ ಹೊಲ, ಹೊಲದ ಬಾವಿ, ಬಾವಿಯಲ್ಲಿ ಈಜು ಕಲಿಯುವಾಗ ಅಣ್ಣ ನನ್ನ ನಡುವಿಗೆ ಹಗ್ಗ ಕಟ್ಟಿ ಬಿಟ್ಟದ್ದು, ನೀರು ಕುಡಿದದ್ದು. ಆಮೇಲೆ ಸಾಲಿ, ನೌಕರಿ, ಮದುವಿ.

"ಚಲೋ ಐತಿ," ಎಂದರು ಅಕ್ಕೋರು. "ಅದರಾಗ ದೇಶ ಎಲ್ಲಿ ಬರತೈತ್ರಿ?"

ನಾನು ಹುಡುಕಿದೆ. ಇಷ್ಟು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದವನು. ಬಾವಿಯಿಂದ ಹಿಡಿದು ನಿವೃತ್ತಿಯವರೆಗೆ ಎರಡು ಸಲ ಹೋಗಿ ಬಂದೆ. ಯಾವ ಊರು ಬಂತು, ಯಾವ ನಿಲುಗಡೆ ಬಂತು, ಗೊತ್ತಾಗಲಿಲ್ಲ.

"ಬರೂದಿಲ್ರಿ," ಎಂದೆ.

"ನಿಮ್ಮ ಕತ್ಯಾಗ ಅದು ಬರದಿದ್ರೂ ನಡೀತೈತಿ," ಎಂದರು. ಮಾತಿನಲ್ಲಿ ಮೊನಚಿರಲಿಲ್ಲ. ನನ್ನ ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿದರು, ಕೂರಲಿಲ್ಲ. ಕಿಟಕಿಯ ಕಡೆ ಬಗ್ಗಿ ಹೊರಗೆ ನೋಡುತ್ತ, ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಿತೋ ಇಲ್ಲವೋ ಎಂಬ ಲೆಕ್ಕವಿಲ್ಲದೆ, "ನನಗೂ ಅಂಥಾದೊಂದು ಪುಸ್ತಕ ಬರೀಬೇಕಂತ ಭಾಳ ಆಸೆ ಇತ್ರಿ," ಎಂದರು.